ಮತ್ತು ಸಂಗಡಿಗರು

ಕಳೆದ ತಿಂಗಳು ನನ್ನ ಹೆಸರಿಗೆ ಒಂದು ಬಗ್ ಬಂತು. ಬಂದದ್ದು ಶುಕ್ರವಾರ ಸಂಜೆ ಐದೂವರೆಗೆ. ಬಗ್ಗುಗಳಿಗೆ ಮುಹೂರ್ತ ಚೆನ್ನಾಗಿ ಗೊತ್ತಿರುತ್ತೆ :)

ನಾವು ಮಾಡುತ್ತಿರುವುದು ಹಾಡು ಕೇಳುತ್ತಲೇ ಅದರ ಸಾಹಿತ್ಯವನ್ನೂ ಓದಬಹುದಾದ ಒಂದು ಮೊಬೈಲ್ ಆ್ಯಪ್. ಅದಕ್ಕೀಗ ಕನ್ನಡ ಹಾಕುವ ಕೆಲಸ ನಡೆದಿದೆ. ಬಗ್ ಜೊತೆ ಎರಡು ಸ್ಕ್ರೀನ್‌ಶಾಟ್ ಇದ್ದವು. ಮೊದಲನೆಯದರಲ್ಲಿ ಒಂದು ಹಾಡಿನ ಸಾಹಿತ್ಯ, ಮತ್ತೆ ಮತ್ತೆ ಬರುವ ಸಾಲುಗಳ ತಲೆಯ ಮೇಲೆ ‘ವೃಂದಗಾನ’ ಅಂತ ಬರೆದಿತ್ತು. ಹಾಡುತ್ತಿದ್ದದ್ದು ಮಾತ್ರ ಒಬ್ಬರೇ ಗಾಯಕಿ. ಎರಡನೆಯದು ಹಾಡಿದವರ ಪಟ್ಟಿ. ಅಲ್ಲಿ ಹಿಂದೆ ದನಿ ಕೊಟ್ಟ ನಾಲ್ವರ ಹೆಸರಿನ ಪಕ್ಕದಲ್ಲೂ ‘ವೃಂದಗಾನ’. ಟೆಸ್ಟಿಂಗ್ ಮಾಡುವ ಹುಡುಗಿ ಕೆಳಗೆ ಒಂದೇ ಸಾಲು ಬರೆದಿದ್ದಳು: "ಇವೆರಡರಲ್ಲಿ ಯಾವುದು ಸರಿ?"

ತಪ್ಪು ನನ್ನದೇ. ಇಂಗ್ಲಿಷಿನಲ್ಲಿ ಎರಡೂ ಕಡೆ ‘ಕೋರಸ್’ ಅಂತಲೇ ಇತ್ತು. ಪದ ಒಂದೇ ಇದೆಯಲ್ಲ ಅಂತ ಕೋಡಿನಲ್ಲಿ ಎರಡಕ್ಕೂ ಒಂದೇ ಕೀ ಇಟ್ಟು, ಇಷ್ಟು ಸಾಲು ಉಳಿಸಿದೆ ಅಂತ ಒಳಗೊಳಗೇ ಬೀಗಿದ್ದೆ. ಅನುವಾದ ಮಾಡುವವರ ಕೈಗೆ ಹೋದದ್ದು ಒಂದು ಎಕ್ಸೆಲ್ ಹಾಳೆ. ಅದರಲ್ಲಿ ಇನ್ನೂರು ಚಿಲ್ಲರೆ ಪದಗಳ ಮಧ್ಯೆ ಇದೂ ಒಂದು. ಎಲ್ಲಿ ಬರುತ್ತೆ, ಯಾಕೆ ಬರುತ್ತೆ ಅನ್ನುವ ಸುಳಿವೇ ಇಲ್ಲ. ಪಾಪ, ಅವರು ತಾನೆ ಏನು ಮಾಡಿಯಾರು? ನಿಘಂಟು ನೋಡಿ ಒಂದು ಹಾಕಿದರು.

ಸೋಮವಾರ ಚಹಾದ ಹೊತ್ತಿಗೆ ಇದನ್ನೇ ಎತ್ತಿದೆ. ನಮ್ಮ ತಂಡದಲ್ಲಿ ಕನ್ನಡಿಗರು ಮೂವರೇ, ಆದರೆ ಮೂರು ದಿಕ್ಕಿನವರು. ಮೈಸೂರಿನವನು, "ಅದ್ರಲ್ಲೇನಿದೆ, ಪಲ್ಲವಿ ಅಂತ ಹಾಕು" ಅಂದ. ಸಾಹಿತ್ಯದ ಕಡೆಗೇನೋ ಅದು ಸರಿ. ಆದರೆ ಹಾಡಿದವರ ಪಟ್ಟಿಯಲ್ಲಿ ನಾಲ್ವರ ಪಕ್ಕದಲ್ಲಿ ‘ಪಲ್ಲವಿ’ ಅಂತ ಬಂದರೆ ಆ ಗಂಡಸರ ಗತಿಯೇನು! ಹಾಗಾದರೆ ಅಲ್ಲಿ ‘ಹಿಮ್ಮೇಳ’ ಹಾಕೋಣ ಅಂದೆ. ಕುಂದಾಪುರದ ಗೆಳೆಯ ಚಹಾದ ಲೋಟ ಕೆಳಗಿಟ್ಟ. "ಮಾರಾಯಾ, ನಮ್ಮಲ್ಲಿ ಹಿಮ್ಮೇಳ ಅಂದ್ರೆ ಭಾಗವತರು. ಆಟ ನಡೆಸುವವರೇ ಅವರು. ಹಿಂದೆ ಹಾಡುವವರು ಅಂತ ಹೇಳಿದ್ರೆ ಊರಿಗೆ ಕಾಲಿಡಲಿಕ್ಕಿಲ್ಲ ನೀನು" ಅಂದ. ಅದೂ ನಿಜವೇ. ಯಕ್ಷಗಾನದಲ್ಲಿ ಹಾಡು, ಮದ್ದಳೆ, ಚೆಂಡೆ ಎಲ್ಲ ಹಿಮ್ಮೇಳ. ವೇಷ ಕಟ್ಟಿ ಕುಣಿಯುವವರು ಮುಮ್ಮೇಳ. ಹಿಂದೆ ಇರುವವರೇ ಅಲ್ಲಿ ಮುಂದಾಳುಗಳು. ನಮ್ಮ ಕಡೆಯ ಹಿಮ್ಮೇಳ ಬೇರೆಯೇ.

ಅಂದ ಹಾಗೆ, ನಮ್ಮ ಕಡೆ ಅಂದರೆ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕು. ಅವ್ವನ ತವರು ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿ. ತಂಗಿಯನ್ನು ಕೊಟ್ಟದ್ದು ಬಸವನ ಬಾಗೇವಾಡಿಗೆ. ಒಂದು ಭೀಮಾ ಕಡೆ, ಒಂದು ಕೃಷ್ಣಾ ಕಡೆ, ನಡುವೆ ಬಿಳಿಜೋಳದ ಕರಿನೆಲ. ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ನಾಕು ಮಂದಿ ಕೂಡಿ ಹಾಡೂದಕ್ಕ ನೀವು ಏನಂತೀರಿ?"

"ಯಾವ ಹಾಡಿಗಿ?"

"ಯಾವುದಾರ ಇರಲಿ."

"ಯಾವುದಾರ ಅಂದ್ರ ಹ್ಯಾಂಗಪಾ? ಬೀಸೂ ಹಾಡಿಗಿ ಒಂದು, ಸೋಬಾನಕ್ಕ ಒಂದು, ಭಜನಿಗಿ ಒಂದು. ಯಾವುದು ಹೇಳು ಮೊದಲ. ಊಟ ಆತಿಲ್ಲ?"

ಊಟ ಆಗಿತ್ತು. ಆದರೆ ಆ "ಯಾವ ಹಾಡಿಗಿ?" ಅನ್ನುವ ಪ್ರಶ್ನೆ ತಲೆಯಲ್ಲೇ ಕೂತುಬಿಟ್ಟಿತು. ಆ ಎಕ್ಸೆಲ್ ಹಾಳೆಯಲ್ಲಿ ಇಲ್ಲದೇ ಹೋದದ್ದು ಇದೇ ಪ್ರಶ್ನೆ ತಾನೆ?

ಅವ್ವ ಹೇಳುತ್ತಾ ಹೋದಳು, ನಾನು ಲ್ಯಾಪ್‌ಟಾಪ್ ತೆರೆದು ಬರೆದುಕೊಳ್ಳುತ್ತಾ ಹೋದೆ. ಅವಳು ಸಣ್ಣವಳಿದ್ದಾಗ ತವರಿನಲ್ಲಿ ಬೆಳಗಿನ ಜಾವ ಜೋಳ ಬೀಸುತ್ತಿದ್ದರಂತೆ. ಬೀಸುವ ಕಲ್ಲಿನ ಎದುರುಬದುರು ಇಬ್ಬರು ಕೂಡುತ್ತಾರೆ. ಗೂಟ ಒಂದೇ, ಕೈ ಎರಡು. "ಒಬ್ಬಾಕಿ ಹಾಡತಾಳ, ಎದುರಿಗಿ ಕುಂತಾಕಿ ಅನ್ನತಾಳ. ಇಬ್ಬರೂ ಒಮ್ಮೆಲೇ ಹಾಡಿದ್ರ ಬೀಸಾಕ ಉಸರು ಎಲ್ಲಿ ಉಳೀತದ?" ಅಂದಳು. ಗಮನಿಸಿ, ಒಬ್ಬಳು ‘ಹಾಡುತ್ತಾಳೆ’, ಇನ್ನೊಬ್ಬಳು ‘ಅನ್ನುತ್ತಾಳೆ’. ಕ್ರಿಯಾಪದವೇ ಬೇರೆ. ಭಜನೆಯಲ್ಲೂ ಹಾಗೇ. ಒಬ್ಬ ‘ಎತ್ತುತ್ತಾನೆ’, ಹಿಂದಿನವರು ‘ಹೊಳ್ಳಿ ಅನ್ನುತ್ತಾರೆ’. ಸೋಬಾನದಲ್ಲಿ ಮತ್ತೆ ಬೇರೆ. ಅಲ್ಲಿ ಹಿಂದೆ ಮುಂದೆ ಇಲ್ಲ, ಆ ಕಡೆ ಈ ಕಡೆ. ಗಂಡಿನ ಕಡೆಯವರು ಒಂದು ನುಡಿ ಹಾಡಿ ಬಿಟ್ಟರೆ ಹೆಣ್ಣಿನ ಕಡೆಯವರು ಹಿಡಿಯಬೇಕು, ಹಿಡಿಯದಿದ್ದರೆ ಮರ್ಯಾದೆ ಹೋಯಿತು.

ಅಷ್ಟರಲ್ಲಿ ಅಪ್ಪ ಫೋನ್ ಕಸಿದುಕೊಂಡರು. "ಹಂತಿ ಹಾಡ ಬಿಟ್ಟಿ ನೋಡು!" ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಯ ಮೇಲೆ ತುಳಿಸುವುದು ಹಂತಿ. ರಾತ್ರಿಯೆಲ್ಲ ಸುತ್ತಬೇಕು, ನಿದ್ದೆ ಬರಬಾರದು. ಮುಂದಿನವನು ಹಾಡುವುದು, ಹಿಂದಿನವನು ಅದನ್ನೇ ಅನ್ನುವುದು. "ಹಿಂದಿನಾಂವ ಅನ್ನೂದು ಬಿಟ್ಟ ಅಂದ್ರ ಮಲಗ್ಯಾನ ಅಂತ ಅರ್ಥ" ಅಂದು ನಕ್ಕರು. ಈಗ ರಾಶಿ ಮಾಡುವ ಮಷಿನ್ ಬಂದು ಗಂಟೆಗಳಲ್ಲಿ ಕೆಲಸ ಮುಗಿಸಿ ಹೋಗುತ್ತದೆ. ಹಂತಿ ಪದಗಳು ಈಗ ಸ್ಟೇಜಿನ ಮೇಲೆ, ಎತ್ತುಗಳಿಲ್ಲದೆ. ಅದಕ್ಕೆ ನಾನು ಅಳುತ್ತಾ ಕೂರುವುದಿಲ್ಲ. ರಾತ್ರಿಯಿಡೀ ಎತ್ತಿನ ಹಿಂದೆ ಸುತ್ತಿದ ಅಪ್ಪನೇ ಅಳುವುದಿಲ್ಲ.

ಈ ಹಾಡುಗಳನ್ನು ಮೊದಲು ಕಾಗದಕ್ಕೆ ಇಳಿಸಿದವರಲ್ಲಿ ನಮ್ಮ ಕಡೆಯವರೇ ಇದ್ದಾರೆ, ನಿಮಗೂ ಗೊತ್ತಿರುತ್ತೆ, ಹಲಸಂಗಿ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ. ಹಲಸಂಗಿ ಆಗ ಇಂಡಿ ತಾಲ್ಲೂಕಿನಲ್ಲಿತ್ತು, ಈಗ ಚಡಚಣ ತಾಲ್ಲೂಕಿಗೆ ಸೇರಿದೆ. ಹೆಂಗಸರು ಬೀಸುತ್ತಾ ಕುಟ್ಟುತ್ತಾ ಹಾಡಿದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪುಸ್ತಕ ತಂದರು. ಆಮೇಲೆ ಲಾವಣಿಗಳ ‘ಜೀವನ ಸಂಗೀತ’ ಬಂತು. ದೊಡ್ಡ ಕೆಲಸ, ಎರಡು ಮಾತಿಲ್ಲ. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ‘ಗರತಿಯ ಹಾಡು’ ಓದಿ ನಾನು ಎಷ್ಟು ಜನರಿಗೆ ಬಲವಂತ ಮಾಡಿ ಓದಿಸಿದ್ದೇನೋ. ಆದರೆ ಅವತ್ತು ಅವ್ವ ಹೇಳಿದ ಮೇಲೆ ಹೊಳೆಯಿತು, ಮೂರು ಸಾಲಿನ ಪದ್ಯವಾಗಿ ಅಚ್ಚಾದ ಹಾಡಿನಲ್ಲಿ ಎದುರಿಗೆ ಕೂತವಳು ಕಾಣುವುದೇ ಇಲ್ಲ. ಅವಳು ಹೊಳ್ಳಿ ಅಂದದ್ದನ್ನೆಲ್ಲ ಅಚ್ಚು ಹಾಕಿದರೆ ಪುಸ್ತಕ ಎರಡರಷ್ಟು ದಪ್ಪ ಆದೀತು, ಯಾರೂ ಓದಲಿಕ್ಕಿಲ್ಲ. ಸಂಪಾದಕರು ಬಿಟ್ಟದ್ದು ಸರಿಯೇ. ನಾನು ಕೋಡಿನಲ್ಲಿ ಒಂದೇ ಕೀ ಇಟ್ಟದ್ದೂ ಇದೇ ಬುದ್ಧಿಯಿಂದ, ಮತ್ತೆ ಬರುವುದನ್ನು ಎರಡು ಸಲ ಯಾಕೆ ಬರೆಯಬೇಕು ಅಂತ.

ಮತ್ತೆ ಬರುವುದಕ್ಕೇ ಹೆಸರಿಟ್ಟುಕೊಂಡ ಹಾಡೂ ನಮ್ಮಲ್ಲಿದೆ. ಗೀಗೀ ಪದ. ಹಿಂದಿನವರು ಎಳೆದು ಎಳೆದು ಹೇಳುವ ‘ಗೀ ಗೀ’ ದನಿಯೇ ಆ ಇಡೀ ಪ್ರಕಾರದ ಹೆಸರಾಗಿದೆ. ಮುಂದಿನವನ ಕೈಯಲ್ಲಿ ದಪ್ಪು, ಹಿಂದಿನವರ ಕೈಯಲ್ಲಿ ತುಂತುಣಿ, ತಾಳ. ಹರದೇಶಿ–ನಾಗೇಶಿ ಅಂತ ಎರಡು ಪಕ್ಷ ಮಾಡಿಕೊಂಡು, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ ಬೆಳಗಿನವರೆಗೆ ವಾದ. ನಮ್ಮೂರ ಜಾತ್ರೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಚಿಕ್ಕವನಿದ್ದಾಗ ನನಗೆ ಆ ಹಿಂದಿನವರನ್ನು ಕಂಡರೆ ಬೇಜಾರು. ಮುಂದಿನವನು ಏನೋ ಸ್ವಾರಸ್ಯವಾಗಿ ಹೇಳುತ್ತಿರುತ್ತಾನೆ, ಇವರು ನಡುವೆ ನಡುವೆ ಅದನ್ನೇ ಎಳೆಯುತ್ತಾರೆ ಅಂತ. ಅವರು ಎಳೆಯುವಷ್ಟು ಹೊತ್ತಿನಲ್ಲೇ ಮುಂದಿನವನು ಎದುರು ಪಕ್ಷದ ಪ್ರಶ್ನೆಗೆ ಉತ್ತರ ಹೊಂದಿಸಿಕೊಳ್ಳುತ್ತಾನೆ ಅಂತ ಆಮೇಲೆ ತಿಳಿಯಿತು. ಉಸಿರೂ ಅಲ್ಲೇ, ವಿಚಾರವೂ ಅಲ್ಲೇ.

ಈ ಹಾಡುಗಳ ಭಾಗಗಳಿಗೆ ಇರುವ ಹೆಸರು ನೋಡಿ: ಪಲ್ಲ, ನುಡಿ, ಚ್ಯಾಲ, ಏರು, ಕೂಡುಪಲ್ಲ. ಪಲ್ಲ ಅಂದರೆ ನಮ್ಮ ಪಲ್ಲವಿಯೇ. ನುಡಿ ಮುಗಿಯುವ ಹೊತ್ತಿಗೆ ಹಾಡನ್ನು ಮತ್ತೆ ಪಲ್ಲಕ್ಕೆ ತಂದು ಸೇರಿಸುವ ಸಾಲು ಕೂಡುಪಲ್ಲ. ಬಸ್ಸು ಬಸ್‌ಸ್ಟ್ಯಾಂಡಿಗೆ ಬರುವ ಮುನ್ನ ತಿರುಗುವ ತಿರುವಿನ ಹಾಗೆ. ಆ ಸಾಲು ಕಿವಿಗೆ ಬಿದ್ದ ತಕ್ಷಣ ಹಿಂದಿನವರು ಎಚ್ಚೆತ್ತು ಗಂಟಲು ಸರಿಮಾಡಿಕೊಳ್ಳುತ್ತಾರೆ. ಇಂಗ್ಲಿಷಿನ ಪಾಪ್ ಹಾಡುಗಳಲ್ಲಿ ‘ಪ್ರೀ-ಕೋರಸ್’ ಅಂತ ಒಂದಿದೆ, ನಮ್ಮ ಆ್ಯಪ್‌ನಲ್ಲೂ ಅದಕ್ಕೊಂದು ಕೀ ಇದೆ. ಅನುವಾದದಲ್ಲಿ ‘ಪೂರ್ವ-ವೃಂದಗಾನ’ ಅಂತ ಬಂದಿತ್ತು. ಓದಿದರೆ ಪೂರ್ವಾಷಾಢಾ ನಕ್ಷತ್ರದ ಥರ ಕೇಳಿಸುತ್ತೆ. ಅಲ್ಲಿ ‘ಕೂಡುಪಲ್ಲ’ ಅಂತ ಬರೆದು ಕಳಿಸಿದ್ದೇನೆ. ಬೆಂಗಳೂರಿನವರಿಗೆ ಅರ್ಥ ಆಗಲ್ಲ ಅಂತ ವಾಪಸ್ಸು ಬರಬಹುದು. ‘ಪೂರ್ವ-ವೃಂದಗಾನ’ ಯಾರಿಗೆ ಅರ್ಥ ಆಗುತ್ತೆ ಅಂತ ಕೇಳುವವನಿದ್ದೇನೆ.

ಇನ್ನು ಕೋರಸ್ ಅನ್ನುವ ಪದದ ಕಥೆ. ನಿಘಂಟುಗಳನ್ನು ಕೆದಕುತ್ತಾ ಹೋದರೆ ಅದರ ಮೂಲ ಗ್ರೀಕಿನ ‘ಖೊರೊಸ್’. ಅದರ ಮೊದಲ ಅರ್ಥ ಹಾಡಲ್ಲ, ಕುಣಿತ. ಕೂಡಿ ಕುಣಿಯುತ್ತಾ ಹಾಡುವವರ ಗುಂಪು. ‘ಕೊರಿಯಾಗ್ರಫಿ’ಯ ಕೊರಿಯೊ ಅದೇ, ಚರ್ಚಿನ ‘ಕ್ವಾಯರ್’ ಕೂಡ ಅದರಿಂದಲೇ ಬಂದದ್ದು. ಅವರು ಕುಣಿಯುತ್ತಿದ್ದ ಜಾಗಕ್ಕೆ ‘ಆರ್ಕೆಸ್ಟ್ರಾ’ ಅನ್ನುತ್ತಿದ್ದರು. (ನಮ್ಮೂರ ಗಣಪತಿ ಹಬ್ಬದ ಆರ್ಕೆಸ್ಟ್ರಾದಲ್ಲಿ ಕುಣಿಯುವವರನ್ನು ನೋಡಿದರೆ ಆ ಅರ್ಥ ಇನ್ನೂ ಸತ್ತಿಲ್ಲ.) ಅಥೆನ್ಸಿನ ನಾಟಕಗಳಲ್ಲಿ ಈಸ್ಕಿಲಸನ ಕಾಲಕ್ಕೆ ಈ ಮೇಳದಲ್ಲಿ 12 ಜನ, ಸೊಫೋಕ್ಲಿಸ್ ಅದನ್ನು 15 ಮಾಡಿದ ಅನ್ನುತ್ತಾರೆ. ಆ ಸೊಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನೇ ಮಹಾಭಾರತಕ್ಕೆ ಒಗ್ಗಿಸಿ ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ಬರೆದದ್ದು. ಮುಂದೆ ಇಂಗ್ಲೆಂಡಿಗೆ ಬರುವ ಹೊತ್ತಿಗೆ ಶೇಕ್ಸ್‌ಪಿಯರನ ‘ಐದನೆಯ ಹೆನ್ರಿ’ಯಲ್ಲಿ ಕೋರಸ್ ಅಂದರೆ ಒಬ್ಬನೇ ನಟ! ನಮ್ಮ ಸೂತ್ರಧಾರನ ಹಾಗೆ ಬಂದು ಕಥೆ ಹೇಳಿ ಹೋಗುತ್ತಾನೆ. ಎಲ್ಲರೂ ದನಿಗೂಡಿಸುವ ಸಾಲು ಅನ್ನುವ ಅರ್ಥದಿಂದ ಕೊನೆಗೆ ಮತ್ತೆ ಮತ್ತೆ ಬರುವ ಸಾಲಿಗೇ ಕೋರಸ್ ಅನ್ನತೊಡಗಿದರು. ಈಗ ಒಬ್ಬಳೇ ಹಾಡಿದರೂ ಅದು ಕೋರಸ್ಸೇ. ಆ ಸಾಲಿಗೆ ಇಂಗ್ಲಿಷಿನಲ್ಲಿ ‘ರಿಫ್ರೇನ್’ ಅಂತಲೂ, ಹಳೆಯ ಇಂಗ್ಲಿಷ್ ಹಾಡುಗಳಲ್ಲಿ ‘ಬರ್ಡನ್’ ಅಂತಲೂ ಹೆಸರಿದೆ. ಬರ್ಡನ್ ಅಂದರೆ ಹೊರೆ! ಇದು ‘ಬೂರ್ಡನ್’, ಅಂದರೆ ಕೆಳಗಿನ ಶ್ರುತಿ, ಅನ್ನುವ ಪದದ ಜೊತೆ ಬೆರೆತು ಬಂದದ್ದಂತೆ. ಶ್ರುತಿಯೋ ಹೊರೆಯೋ, ಹಿಂದೆ ನಿಂತವರು ಹೊರುವುದು ಅಂತೂ ಹೌದು.

ಕುಣಿಯುತ್ತಾ ಹಾಡುವ ಈ ಖೊರೊಸ್ ವಿಷಯ ಅವ್ವನಿಗೆ ಹೇಳಿದೆ. "ಹಂಗಂದ್ರ ಹೆಜ್ಜಿ ಮೇಳ" ಅಂದಳು, ಒಂದು ಕ್ಷಣವೂ ಯೋಚಿಸದೆ. ಮೊಹರಮ್ಮಿಗೆ ಅವಳ ತವರಿನಲ್ಲಿ ಗಂಡಸರು ಸಾಲುಗಟ್ಟಿ, ಕೈಯಲ್ಲಿ ಕರವಸ್ತ್ರ ಹಿಡಿದು, ಹೆಜ್ಜೆ ಹಾಕುತ್ತಾ ಕರ್ಬಲಾದ ಕಥೆ ಹಾಡುತ್ತಾರೆ. ಹಾಡು ಕನ್ನಡದ್ದು, ಹಾಡುವವರು ಎಲ್ಲ ಜಾತಿಯವರು. ಅವ್ವನ ಅಣ್ಣ, ನನ್ನ ಸೋದರಮಾವ, ಹಣೆಗೆ ವಿಭೂತಿ ಹಚ್ಚಿಕೊಂಡೇ ಮೇಳದಲ್ಲಿ ಹೆಜ್ಜೆ ಹಾಕುತ್ತಿದ್ದ. ಹೆಜ್ಜೆ ತಪ್ಪಿದರೆ ಹಾಡು ತಪ್ಪುತ್ತದೆ, ಹಾಡು ತಪ್ಪಿದರೆ ಹೆಜ್ಜೆ. ಗ್ರೀಕರ ಪದಕ್ಕೆ ಸರಿಯಾದ ಕನ್ನಡ ಪದ ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಸಿಗುತ್ತೆ ಅಂತ ಯಾರು ಅಂದುಕೊಂಡಿದ್ದರು?

ಇಷ್ಟು ಬರೆದ ಮೇಲೆ ‘ಸಮೂಹಗಾನ’ ಅನ್ನುವ ಪದವನ್ನು ಬಿಟ್ಟರೆ ಅನ್ಯಾಯ. ಶಾಲೆಯಲ್ಲಿ ನಮಗೆ ಗೊತ್ತಿದ್ದದ್ದು ಅದೊಂದೇ. ಸಮೂಹಗಾನಕ್ಕೆ ಎಲ್ಲರದೂ ಒಂದೇ ಧಾಟಿ, ಒಂದೇ ಹೊತ್ತು ಇರಬೇಕು. ನಾಡಗೀತೆಯನ್ನೇ ನೋಡಿ. ಕುವೆಂಪು ಅವರ ಗೀತೆ 2004ರಲ್ಲಿ ನಾಡಗೀತೆ ಆಯಿತು. ಆದರೆ ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಅನ್ನುವ ಜಗಳ ಬಗೆಹರಿದದ್ದು 2022ರಲ್ಲಿ. ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಅಂತ ಸರ್ಕಾರ ಆದೇಶ ಹೊರಡಿಸಿತು. ಲಕ್ಷಾಂತರ ಮಕ್ಕಳು ಒಟ್ಟಿಗೆ ಹಾಡುವ ಹಾಡಿಗೆ ಅದು ಬೇಕೇ ಬೇಕು, ನಾನು ಬೇಡ ಅನ್ನುವುದಿಲ್ಲ.

ನಾನು ಏಳನೇ ತರಗತಿಯಲ್ಲಿದ್ದಾಗ ಸ್ವಾತಂತ್ರ್ಯ ದಿನಾಚರಣೆಗೆ ಸಮೂಹಗಾನದ ಸ್ಪರ್ಧೆ ಇತ್ತು. ಹತ್ತು ಜನರಲ್ಲಿ ನಾನೂ ಒಬ್ಬ. ಮನೆಯಲ್ಲಿ ಮುತ್ಯಾ ಭಜನಿ ಮೇಳದವರು ಅಂತ ನನಗೂ ದನಿ ಇರುತ್ತೆ ಅಂತ ಆರಿಸಿದ್ದರು. ಎರಡನೇ ದಿನದ ತಾಲೀಮಿನಲ್ಲಿ ಗುರುಗಳು ಹಾಡು ನಿಲ್ಲಿಸಿದರು. ಒಬ್ಬೊಬ್ಬರ ಬಾಯಿಯ ಹತ್ತಿರ ಕಿವಿ ತಂದು ಕೇಳಿದರು. ನನ್ನ ಹತ್ತಿರ ಬಂದಾಗ ಸಿಕ್ಕಿತು ಅನ್ನುವ ಹಾಗೆ ತಲೆಯಾಡಿಸಿ, "ನೀ ಬಾಯಿ ಅಷ್ಟ ಆಡಸು, ದನಿ ತಗೀಬ್ಯಾಡ" ಅಂದರು. ಬೈಯಲಿಲ್ಲ, ಹೊಡೆಯಲಿಲ್ಲ, ಮೆತ್ತಗೇ ಹೇಳಿದರು. ಸ್ಪರ್ಧೆಯ ದಿನ ನಾನು ಬಾಯಿ ಆಡಿಸಿದೆ. ನಮಗೇ ಮೊದಲ ಬಹುಮಾನ. ಹತ್ತು ಜನರಿಗೂ ಒಂದೊಂದು ಸ್ಟೀಲಿನ ತಾಟು ಕೊಟ್ಟರು. ಅದರ ಮೇಲೆ ‘ಸಮೂಹಗಾನ, ಪ್ರಥಮ’ ಅಂತ ಕೊರೆದಿದೆ. ಊರಿಗೆ ಹೋದಾಗಲೆಲ್ಲ ಅವ್ವ ಅದರಲ್ಲೇ ಊಟಕ್ಕೆ ಬಡಿಸುತ್ತಾಳೆ. ನಾನು ಈ ಕಥೆಯನ್ನು ಅವಳಿಗೆ ಇವತ್ತಿಗೂ ಹೇಳಿಲ್ಲ.

ಆಮೇಲೆ ಬಾಯಿ ಆಡಿಸುವುದೇ ಅಭ್ಯಾಸ ಆಯಿತು. ಪ್ರಾರ್ಥನೆಯಲ್ಲಿ, ಕಾಲೇಜಿನ ಬಸ್ಸಿನಲ್ಲಿ, ಗೆಳೆಯರ ಹುಟ್ಟುಹಬ್ಬದಲ್ಲಿ. ನಂಬಿ, ಬರೀ ಬಾಯಿ ಆಡಿಸುವವನನ್ನು ಯಾರೂ ಕಂಡುಹಿಡಿಯುವುದಿಲ್ಲ.

ಕಂಡುಹಿಡಿದವರು ಒಬ್ಬರೇ. ನಾಲ್ಕು ವರ್ಷದ ಹಿಂದೆ ಮುತ್ಯಾ ತೀರಿಕೊಂಡಾಗ ನಾನು ಬೆಂಗಳೂರಿನಿಂದ ರಾತ್ರಿ ಒಂಬತ್ತಕ್ಕೆ ಊರು ಮುಟ್ಟಿದೆ. ನಮ್ಮ ಕಡೆ ಗೊತ್ತಲ್ಲ, ಹೆಣ ಗೋಡೆಗೆ ಆನಿಸಿ ಕೂಡಿಸಿರುತ್ತಾರೆ, ಮುಂದೆ ರಾತ್ರಿಯೆಲ್ಲ ಭಜನೆ. ಮುತ್ಯಾ ನಲವತ್ತು ವರ್ಷಕ್ಕೂ ಮೇಲೆ ಊರ ಭಜನಿ ಮೇಳದಲ್ಲಿ ಹಾಡಿದವರು. ಆದರೆ ಒಂದೇ ಒಂದು ಹಾಡನ್ನೂ ಎತ್ತಿದವರಲ್ಲ, ಯಾವಾಗಲೂ ಹಿಂದೆ. ಅವರ ಸಾವಿಗೆ ಬರಬೇಕಾದ ಮೇಳವೇ ಕರಗಿ ಹೋಗಿತ್ತು. ಇಬ್ಬರು ಅವರಿಗಿಂತ ಮೊದಲೇ ಹೋಗಿದ್ದರು, ಒಬ್ಬರು ಮಗನ ಜೊತೆ ಪುಣೆಯಲ್ಲಿ, ಒಬ್ಬರಿಗೆ ಕಿವಿ ಕೇಳಿಸದು. ಪೇಟಿ ಬಾರಿಸುವ ಕಾಕಾ, ನಾವೆಲ್ಲ ಪೇಟಿ ಕಾಕಾ ಅಂತಲೇ ಕರೆಯುವುದು, ಒಂದು ಕಡಕೋಳ ಮಡಿವಾಳಪ್ಪನ ತತ್ವಪದ ಎತ್ತಿದರು. ಪಲ್ಲ ಮುಗಿಸಿ ನಿಂತರು. ಹಿಂದಿನಿಂದ ಬರಬೇಕಾದದ್ದು ಬರಲಿಲ್ಲ. ತಬಲಾ ಒಂದೇ ಕೇಳಿಸುತ್ತಿತ್ತು. ಕಾಕಾ ತಾವೇ ಹೊಳ್ಳಿ ಅಂದರು. ಎರಡನೆಯ ನುಡಿಗೆ ಅವರ ಉಸಿರು ಸಾಲಲಿಲ್ಲ, ಎಪ್ಪತ್ತು ದಾಟಿದ ಜೀವ.

ನನ್ನ ಕಡೆ ನೋಡಿ, "ತಮ್ಮಾ, ಹಿಂದ ಅನ್ನು" ಅಂದರು.

ನಾನು ಎದ್ದು ಅವರ ಹಿಂದೆ ಕೂತೆ. ಹಾಡು ಗೊತ್ತಿತ್ತು, ಕೇಳಿ ಕೇಳಿ ಬಾಯಿಗೆ ಬಂದಿತ್ತು. ಪಲ್ಲ ಬಂತು. ನಾನು ಬಾಯಿ ಆಡಿಸಿದೆ.

ಕಾಕಾ ಪೇಟಿ ನಿಲ್ಲಿಸಿದರು. "ದನಿ ಬರವಲ್ದಲ್ಲೋ."

"ನನಗ ಬರೂದಿಲ್ಲ ಕಾಕಾ. ಸೂರ ಹತ್ತೂದಿಲ್ಲ."

"ನಿಮ್ಮ ಮುತ್ಯಾಗ ಎಲ್ಲಿ ಹತ್ತತಿತ್ತು? ಅನ್ನು."

ಅಂದೆ. ನಿಜಕ್ಕೂ ಹತ್ತಲಿಲ್ಲ. ಹೆಂಗಸರ ಕಡೆಯಿಂದ ಯಾರೋ ತಿರುಗಿ ನೋಡಿದರು. ಕಾಕಾ ಏನೂ ಹೇಳಲಿಲ್ಲ, ಪೇಟಿಯ ಮೇಲೆ ಬೆರಳುಗಳನ್ನು ಕೆಳಗಿನ ಮನೆಗಳಿಗೆ ಇಳಿಸಿಕೊಂಡರು. ಹಾಡು ಅಲ್ಲೇ ಅರ್ಧದಲ್ಲಿ ಕೆಳಗೆ ಇಳಿಯಿತು. ಮತ್ತೆ ಎತ್ತಿದರು. ಈ ಸಲ ನನ್ನ ದನಿ ಎಲ್ಲೋ ಹತ್ತಿರ ಹೋಗಿ ಕೂತಿತು. ನನ್ನದು ಕೇಳಿದ ಮೇಲೆ ಅಪ್ಪ ಬಂದು ಪಕ್ಕದಲ್ಲಿ ಕೂತರು, ಆಮೇಲೆ ಓಣಿಯ ಇಬ್ಬರು ಹುಡುಗರು. ಬೆಳಗಿನ ನಾಲ್ಕರವರೆಗೆ ಅಂದೆವು. ಮರುದಿನ ಮಣ್ಣಿಗೆ ಹೋದಾಗ ನನಗೆ ಮಾತಾಡಲು ದನಿಯೇ ಇರಲಿಲ್ಲ.

ಮುತ್ಯಾಗೆ ಊರಲ್ಲಿ ಒಂದು ಅಡ್ಡಹೆಸರಿತ್ತು, ‘ಸಂಗಡಿಗರ’ ಅಂತ. ನಾನು ಹುಟ್ಟುವ ಮೊದಲು ಒಮ್ಮೆ ಇವರ ಮೇಳದ ಹಾಡುಗಳು ರೇಡಿಯೋದಲ್ಲಿ ಬಂದಿದ್ದವಂತೆ. ಊರ ಕಟ್ಟೆಯ ಮೇಲೆ ಎಲ್ಲ ಸೇರಿ ಕೇಳಿದರು. ಹಾಡು ಮುಗಿದ ಮೇಲೆ ಹಾಡಿದವರ ಹೆಸರು. ಪೇಟಿ ಕಾಕಾನ ಹೆಸರು ಹೇಳಿ, ‘ಮತ್ತು ಸಂಗಡಿಗರು’ ಅಂತ ಮುಗಿಸಿದರು. ಅವತ್ತಿನಿಂದ ಚಹಾದಂಗಡಿಯಲ್ಲಿ "ಬರ್ರಿ ಸಂಗಡಿಗರs" ಅಂತ ಚೇಷ್ಟೆ ಶುರುವಾಯಿತು. ನಾನು ಚಿಕ್ಕವನಿದ್ದಾಗ ಸಿಟ್ಟಿನಿಂದ ಕೇಳಿದ್ದೆ, ನಿನ್ನ ಹೆಸರು ಯಾಕೆ ಹೇಳಲಿಲ್ಲ ಅಂತ. "ಹೇಳ್ಯಾರಲ್ಲೋ! ಸಂಗಡಿಗರು ಅಂದ್ರ ನಾನs" ಅಂದಿದ್ದರು.

ಆ ಕಾರ್ಯಕ್ರಮವನ್ನು ಯಾರೋ ಟೇಪ್ ಮಾಡಿಕೊಂಡಿದ್ದ ಕ್ಯಾಸೆಟ್ ಮನೆಯಲ್ಲಿದೆ ಅಂತ ಕೇಳಿದ್ದೆ. ಬಗ್ ಬಂದ ಮೂರನೇ ವಾರ ತಂಗಿಯ ಮಗನ ಜವಳಕ್ಕೆ ಬಸವನ ಬಾಗೇವಾಡಿಗೆ ಹೋದವನು, ಅಲ್ಲಿಂದ ಊರಿಗೆ ಹೋಗಿ ಅಟ್ಟ ಹತ್ತಿ ಹುಡುಕಿದೆ. ಸಿಕ್ಕಿತು. ಅರ್ಧ ದಿನ ಸುತ್ತಿ, ಟೇಪ್ ರೆಕಾರ್ಡರ್ ಇರುವ ಒಬ್ಬರನ್ನು ಹಿಡಿದು ಲ್ಯಾಪ್‌ಟಾಪಿಗೆ ಇಳಿಸಿಕೊಂಡೆ. ನಡುವೆ ಟೇಪ್ ಸಿಕ್ಕಿಬಿದ್ದು ಪೆನ್ಸಿಲ್ ಹಾಕಿ ಸುತ್ತಿದ್ದೂ ಆಯಿತು.

ಕಾಕಾನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಹಿಂದೆ ನಾಲ್ಕು ದನಿ. ಅದರಲ್ಲಿ ಮುತ್ಯಾನದು ಯಾವುದು ಗೊತ್ತಾಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಹತ್ತು ಸಲ ಕೇಳಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಒಂದೇ ಮನೆಯಲ್ಲಿ ಕೇಳಿದ ದನಿ. ಅಪ್ಪನಿಗೂ ತಿಳಿಯಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನಾಟಕ ಅಂದುಕೊಳ್ಳಬೇಡಿ.

ಪೇಟಿ ಕಾಕಾ ಈಗ ಸಿಂದಗಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಬೆಂಗಳೂರಿಗೆ ಹೊರಡುವ ದಿನ ಅಲ್ಲಿಗೆ ಹೋದೆ. ಹೆಡ್‌ಫೋನ್ ಅವರ ಕಿವಿಗೆ ಹಾಕಿದೆ. ಕಣ್ಣು ಮುಚ್ಚಿ ಕೇಳಿದರು, ತೊಡೆಯ ಮೇಲೆ ಬೆರಳು ಆಡುತ್ತಿತ್ತು.

"ಇದರಾಗ ಮುತ್ಯಾ ಯಾರ್ರೀ ಕಾಕಾ?"

"ಸಾಲಿನ ನಡುವ ಹುಡುಕಬ್ಯಾಡ, ಸಿಗಾಂಗಿಲ್ಲ. ಎಲ್ಲಾರೂ ಉಸರು ತಗೊಳ್ಳೂ ಮುಂದ ಕೇಳು. ಆಂವ ಆವಾಗ ಬಿಡತಿದ್ದಿಲ್ಲ. ಸಾಲು ಹರೀಬಾರದು ಅಂತ."

ಬಸ್ಸಿನಲ್ಲಿ ಕೂತು ಆಡಾಸಿಟಿಯಲ್ಲಿ ಫೈಲ್ ತೆರೆದೆ. ಪ್ರತಿ ಸಾಲಿನ ಕೊನೆಗೆ ಅಲೆಗಳು ದಪ್ಪದಿಂದ ಸಣ್ಣಗಾಗುತ್ತವೆ. ಪೂರ್ತಿ ಸೊನ್ನೆ ಆಗುವುದಿಲ್ಲ, ಒಂದು ಎಳೆ ಉಳಿದು ಮುಂದಿನ ಸಾಲಿಗೆ ಹೋಗಿ ಸೇರುತ್ತದೆ. ಅಷ್ಟನ್ನೇ ಕತ್ತರಿಸಿ ದನಿ ಏರಿಸಿ ಕೇಳಿದೆ. ಸ್ವಲ್ಪ ಕರ್ಕಶ, ಸ್ವಲ್ಪ ಸೂರ ಬಿಟ್ಟ ದನಿ. ಮುತ್ಯಾನದೇ. ಪಶ್ಚಿಮದ ಕ್ವಾಯರ್‌ಗಳಲ್ಲಿ ಇದನ್ನು ಲೆಕ್ಕ ಹಾಕಿಯೇ ಮಾಡುತ್ತಾರಂತೆ. ‘ಸ್ಟ್ಯಾಗರ್ಡ್ ಬ್ರೀದಿಂಗ್’ ಅಂತ ಹೆಸರು, ಎಲ್ಲರೂ ಒಂದೇ ಸಲ ಉಸಿರು ತೆಗೆದುಕೊಳ್ಳದೆ ಸರದಿಯ ಮೇಲೆ ತೆಗೆದುಕೊಳ್ಳುವುದು. ಆ ಕ್ಯಾಸೆಟ್‌ನಲ್ಲಿ ಅಂಥ ಹದಿನೇಳು ಎಳೆ ಸಿಕ್ಕವು. ಎಲ್ಲ ಸೇರಿಸಿದರೆ ಇಪ್ಪತ್ತೆರಡು ಸೆಕೆಂಡು. ‘ಮುತ್ಯಾ’ ಅಂತ ಹೆಸರಿಟ್ಟು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.

ಇರಲಿ, ಬಗ್ ವಿಷಯಕ್ಕೆ ಬರೋಣ. ಒಂದು ಕೀಯನ್ನು ಒಡೆದು ಎರಡು ಮಾಡಿದೆ. ಸಾಹಿತ್ಯದ ಮೇಲೆ ಬರುವುದಕ್ಕೆ ‘ಪಲ್ಲವಿ’. ‘ಪಲ್ಲ’ ಅಂತ ಹಾಕುವ ಆಸೆ ಇತ್ತು, ಮೈಸೂರಿನವನು ಬಿಡಲಿಲ್ಲ. ಹಾಡಿದವರ ಪಟ್ಟಿಯಲ್ಲಿ ಗಾಯಕರ ಹೆಸರಾದ ಮೇಲೆ ‘ಮತ್ತು ಸಂಗಡಿಗರು’, ಅದನ್ನು ಒತ್ತಿದರೆ ಅವರೆಲ್ಲರ ಹೆಸರೂ ಬಿಚ್ಚಿಕೊಳ್ಳುತ್ತದೆ. ಕುಂದಾಪುರದವನೂ ಒಪ್ಪಿದ. ಬಗ್ ಮುಚ್ಚಿದೆ.

ನಿನ್ನೆ, ಶುಕ್ರವಾರ ಐದೂವರೆಗೆ, ಟೆಸ್ಟಿಂಗ್ ಹುಡುಗಿ ಅದನ್ನು ಮತ್ತೆ ತೆರೆದಿದ್ದಾಳೆ. ಹಿಂದೆ ಒಬ್ಬರೇ ಇದ್ದರೆ ‘ಸಂಗಡಿಗ’ ಅಂತ ಏಕವಚನ ಬರಲಿ ಅಂತ ನಾನು ಹಾಕಿದ್ದೆ. ಸಾಫ್ಟ್‌ವೇರಿನ ವಚನ ನಿಯಮದಲ್ಲಿ ಕನ್ನಡಕ್ಕೆ ಸೊನ್ನೆಯೂ ಒಂದೂ ಒಂದೇ ಗುಂಪಿಗೆ ಬರುತ್ತವೆ, ಅದು ನನಗೆ ಮರೆತೇ ಹೋಗಿತ್ತು. ಹಾಗಾಗಿ ಈಗ ಯಾರ ನೆರವೂ ಇಲ್ಲದೆ ಒಬ್ಬರೇ ಹಾಡಿದ ಹಾಡುಗಳಿಗೂ ಹೆಸರಿನ ಪಕ್ಕದಲ್ಲಿ ‘ಮತ್ತು ಸಂಗಡಿಗ’ ಅಂತ ತೋರಿಸುತ್ತಿದೆ. ಸೋಮವಾರ ನೋಡಬೇಕು.